ಅಮ್ಮನಿಗೆ ಕಂಟ್ರಿ ಹಾಡು ಅನುವಾದ ಮಾಡಿದ ಕಥೆ

ಅಮ್ಮ ಅರಸೀಕೆರೆಯಿಂದ ಮೂರು ತಿಂಗಳಿಗೆ ಅಂತ ಬಂದಿದ್ದಳು. ಮೊದಲ ಎರಡು ವಾರ ದೇವಸ್ಥಾನ, ಫಾಲ್ಸ್, ದೊಡ್ಡ ದೊಡ್ಡ ಅಂಗಡಿ ಅಂತ ಹೇಗೋ ಕಳೆಯಿತು. ಆಮೇಲೆ ಎಲ್ಲಿಗೆ ಕರ್ಕೊಂಡು ಹೋಗೋದು? ನಾವಿರುವುದು ಅಮೆರಿಕದ ಟೆನೆಸ್ಸಿ ರಾಜ್ಯದ ಪೂರ್ವದ ತುದಿಯಲ್ಲಿ, ಅಪಲೇಚಿಯನ್ ಬೆಟ್ಟಗಳ ಮಗ್ಗುಲಲ್ಲಿ. ಇಲ್ಲಿ ಬೆಟ್ಟ ಇದೆ, ಬೆಟ್ಟದ ಹಿಂದೆ ಇನ್ನೊಂದು ಬೆಟ್ಟ ಇದೆ, ನಡುವೆ ಒಂದು ಚರ್ಚ್ ಇದೆ. "ಇಷ್ಟು ದೂರ ಬಂದು ಸಕಲೇಶಪುರ ನೋಡಿದ ಹಾಗಾಯ್ತಲ್ಲೇ" ಅಂದಳು.

ಅಮ್ಮನಿಗೆ ಹಾಡಿನ ಹುಚ್ಚು. ಊರಿನ ಭಜನೆ ಮಂಡಳಿಯಲ್ಲಿ ಶ್ರುತಿ ತಪ್ಪಿದವರನ್ನು ಕಣ್ಣಲ್ಲೇ ಸುಡುವವಳು ಅವಳೇ. ಒಂದು ದಿನ ಕಾಫಿ ಕುಡಿಯುತ್ತಾ ಕೇಳಿದಳು, "ಈ ಬೆಟ್ಟದವರು ಏನು ಹಾಡ್ತಾರೆ? ಅದನ್ನ ಕೇಳ್ಸು ನೋಡೋಣ."

ಈ ಬೆಟ್ಟದವರು ಹಾಡುವುದು ಕಂಟ್ರಿ. ನಾನು ಇಲ್ಲಿಗೆ ಬಂದು ಆರು ವರ್ಷವಾದರೂ ಅದನ್ನು ಕೂತು ಕೇಳಿದವಳಲ್ಲ. ಕಾರಿನ ರೇಡಿಯೋದಲ್ಲಿ ಬರುತ್ತಿತ್ತು, ಸ್ಟೇಷನ್ ಬದಲಾಯಿಸುತ್ತಿದ್ದೆ. ಪಿಕಪ್ ಟ್ರಕ್, ತಣ್ಣಗಿನ ಬಿಯರ್, ಜೀನ್ಸ್ ಹಾಕಿದ ಹುಡುಗಿ, ಮತ್ತೆ ಟ್ರಕ್. ಇಷ್ಟೇ ಕಂಟ್ರಿ ಅಂದುಕೊಂಡಿದ್ದೆ. ಹಾಗಾಗಿ ಮೊದಲ ಸಲ ತಪ್ಪು ಜಾಗಕ್ಕೇ ಕರ್ಕೊಂಡು ಹೋದೆ. ಊರ ಹೊರಗಿನ ಒಂದು ರೆಸ್ಟೋರೆಂಟಿನ ಮುಂದೆ "ಕಂಟ್ರಿ ನೈಟ್, ಮನೆಮಂದಿಗೆಲ್ಲ ಸ್ವಾಗತ" ಅಂತ ಬೋರ್ಡಿತ್ತು. ಒಳಗೆ ಹೋದರೆ ಡ್ರಮ್ಮಿನ ಸದ್ದಿಗೆ ಟೇಬಲ್ ಮೇಲಿನ ನೀರು ನಡುಗುತ್ತಿದೆ, ಪಕ್ಕದಲ್ಲಿ ಕೂತ ಗಂಡ ಏನೋ ಕೂಗಿದರೆ ಬಾಯಿ ಮಾತ್ರ ಕಾಣುತ್ತಿದೆ, ಆರು ವರ್ಷದ ಮಗ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಫ್ರೈಸ್ ಹೇಗೆ ತಿನ್ನುವುದು ಅಂತ ಯೋಚಿಸುತ್ತಿದ್ದಾನೆ. ಅಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ಇಪ್ಪತ್ತು ನಿಮಿಷಕ್ಕೆ ಎದ್ದು ಬಂದೆವು. ಆ ಬೋರ್ಡಿನಲ್ಲಿ ಮನೆಮಂದಿಗೆ ಅಂದಿದ್ದು ಬಹುಶಃ ಮಕ್ಕಳ ಮೆನು ಇದೆ ಅನ್ನೋ ಅರ್ಥದಲ್ಲಿ ಇರಬೇಕು.

ಮುಂದಿನ ವಾರ ಲೈಬ್ರರಿಯಲ್ಲಿ ಒಂದು ಚೀಟಿ ಕಣ್ಣಿಗೆ ಬಿತ್ತು. ಶುಕ್ರವಾರ ಸಂಜೆ ಆರೂವರೆಗೆ ಪಾರ್ಕಿನಲ್ಲಿ ಹಳೇ ಶೈಲಿಯ ಕಂಟ್ರಿ ಬ್ಯಾಂಡ್, ಟಿಕೆಟ್ ಇಲ್ಲ, ಮಕ್ಕಳನ್ನೂ ಕರ್ಕೊಂಡು ಬನ್ನಿ, ಕುರ್ಚಿ ನೀವೇ ತನ್ನಿ. ಕುರ್ಚಿ ನೀವೇ ತನ್ನಿ ಅನ್ನೋದು ನೋಡಿಯೇ ಅಮ್ಮನಿಗೆ ನಂಬಿಕೆ ಬಂತು. "ನಮ್ಮೂರ ಬಯಲಾಟಕ್ಕೆ ಚಾಪೆ ತಗೊಂಡು ಹೋಗ್ತಿದ್ವಲ್ಲ, ಹಾಗೇ" ಅಂದಳು.

ಹಾಗೇ ಇತ್ತು. ಹುಲ್ಲಿನ ಮೇಲೆ ಮಡಚೋ ಕುರ್ಚಿಗಳು. ಮುಂದಿನ ಸಾಲಿನಲ್ಲಿ ಅಜ್ಜ ಅಜ್ಜಿಯರು, ಹಿಂದೆ ಬುತ್ತಿ ಬಿಚ್ಚಿಕೊಂಡ ಸಂಸಾರಗಳು, ಸ್ಟೇಜಿಗೂ ಮೊದಲ ಸಾಲಿಗೂ ನಡುವೆ ಬೇಕಂತಲೇ ಬಿಟ್ಟ ಖಾಲಿ ಜಾಗ. ಅದು ಯಾಕೆ ಅಂತ ಎರಡನೇ ಹಾಡಿಗೆ ಗೊತ್ತಾಯಿತು, ಅಷ್ಟೂ ಮಕ್ಕಳು ಅಲ್ಲಿಗೆ ನುಗ್ಗಿದರು. ಬ್ಯಾಂಡಿನಲ್ಲಿ ಐದು ಜನ. ಗಿಟಾರ್ ಹಿಡಿದು ಹಾಡುವ ಐವತ್ತರ ಆಸುಪಾಸಿನ ಹೆಂಗಸು. ಅವಳ ಗಂಡ ಆಳೆತ್ತರದ ಬೇಸ್ ತಬ್ಬಿಕೊಂಡು ನಿಂತಿದ್ದ. ಕಾಲೇಜಿನ ವಯಸ್ಸಿನ ಹುಡುಗಿಯೊಬ್ಬಳ ಕೈಯಲ್ಲಿ ಫಿಡಲ್. ಡ್ರಮ್ಮಿನವನ ಮುಂದೆ ಒಂದೇ ಒಂದು ಚಿಕ್ಕ ಡ್ರಮ್, ಕೈಯಲ್ಲಿ ಕೋಲಿನ ಬದಲು ಪೊರಕೆಯಂಥ ಬ್ರಷ್. ಬಲಗಡೆಯ ಮೂಲೆಯಲ್ಲಿ, ಇಸ್ತ್ರಿ ಮೇಜಿನಂಥ ಏನನ್ನೋ ಮುಂದಿಟ್ಟುಕೊಂಡು ಕೂತಿದ್ದ ಒಬ್ಬ ಬಿಳಿ ಗಡ್ಡದ ಅಜ್ಜ.

ಸದ್ದು ಎಷ್ಟಿತ್ತು ಅಂದರೆ, ನಾನು ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದರೆ ಅವಳಿಗೆ ಕೇಳುತ್ತಿತ್ತು. ಅದೇ ತಾಪತ್ರಯಕ್ಕೆ ಇಟ್ಟುಕೊಂಡಿತು.

"ಏನಂತೆ ಅವಳ ಗೋಳು?" ಮೊದಲ ನಿಧಾನದ ಹಾಡಿಗೆ ಅಮ್ಮನ ಪ್ರಶ್ನೆ.

"ಗಂಡ ಬಿಟ್ಟು ಹೋದನಂತೆ."

ಮುಂದಿನದು. "ಇದು?"

"ವಾಪಸ್ ಬಂದು ಬಾಗಿಲು ತಟ್ತಾ ಇದ್ದಾನಂತೆ. ಇವಳು ತೆಗೆಯಲ್ಲವಂತೆ."

"ಸರಿಯಾಗಿ ಮಾಡಿದಳು. ಆಮೇಲೆ?"

ಆಮೇಲಿನದರಲ್ಲಿ ಒಬ್ಬ ಜೈಲಿನಲ್ಲಿದ್ದ. ಅದರ ನಂತರದ್ದರಲ್ಲಿ ತಾಯಿ ತೀರಿಕೊಂಡಿದ್ದಳು, ಮಗ ಊರಿಗೆ ಬರುವುದು ತಡವಾಗಿತ್ತು. ಅದಾದ ಮೇಲೆ ಒಬ್ಬ ಕುಡುಕ. ಅಮ್ಮ ನನ್ನ ಕಡೆ ತಿರುಗಿ, "ಅಲ್ಲ ಕಣೇ, ಮಕ್ಕಳನ್ನ ಕರ್ಕೊಂಡು ಬನ್ನಿ ಅಂತ ಚೀಟಿ ಹಚ್ಚಿದ್ದು ಈ ಹಾಡಿಗಾ?" ಅಂದಳು.

ಮಕ್ಕಳೇನೋ ಮುಂದೆ ಕುಣಿಯುತ್ತಿದ್ದರು. ತಾಯಿ ಸತ್ತ ಹಾಡಿಗೆ ನನ್ನ ಮಗ ತನಗಿಂತ ಎತ್ತರದ ಹುಡುಗಿಯೊಬ್ಬಳ ಕೈ ಹಿಡಿದು ಗರಗರ ಸುತ್ತುತ್ತಿದ್ದ. ಅದು ಮೂರೆಣಿಕೆ ತಾಳದ ವಾಲ್ಟ್ಸ್, ಸುತ್ತುವುದಕ್ಕೇ ಇರುವಂಥದ್ದು.

ನನಗೂ ಅಮ್ಮನ ಪ್ರಶ್ನೆ ಸರಿ ಅನ್ನಿಸಿತು. ಆದರೆ ಮನೆಗೆ ಬರುವಾಗ ಕಾರಿನಲ್ಲಿ ಯೋಚಿಸಿದರೆ, ನಾವು ಚಿಕ್ಕವರಿದ್ದಾಗ ಕೇಳಿದ್ದೇನು? ಕೆರೆಯಲ್ಲಿ ನೀರು ಬರಲಿಲ್ಲ ಅಂತ ಮನೆಯ ಸೊಸೆಯನ್ನೇ ಬಲಿ ಕೊಟ್ಟ ಹಾಡು. ತಾಯಿ ಹಸು ಕರುವಿಗೆ ಕೊನೇ ಸಲ ಹಾಲು ಕುಡಿಸಿ ಹುಲಿಯ ಬಾಯಿಗೆ ಹೊರಟ ಹಾಡು. ಅದನ್ನು ಒಂದನೇ ಎರಡನೇ ಕ್ಲಾಸಿನ ಮಕ್ಕಳು ಇಡೀ ಸ್ಕೂಲಿನ ಮುಂದೆ ಹಾಡುತ್ತಾರೆ, ಟೀಚರುಗಳು ಕಣ್ಣು ಒರೆಸಿಕೊಳ್ಳುತ್ತಾರೆ. ಮಕ್ಕಳಿಗೆ ಇದು ಬೇಡ ಅಂತ ನಮ್ಮಲ್ಲೂ ಯಾರೂ ಅಂದಿಲ್ಲವಲ್ಲ. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಸರಿ, ಆದ್ರೆ ನಮ್ಮದ್ರಲ್ಲಿ ಕುಡುಕ ಇಲ್ಲ" ಅಂದಳು. ವಾದದಲ್ಲಿ ಅಮ್ಮ ಸೋತದ್ದು ನಾನು ನೋಡಿಲ್ಲ.

ಎರಡನೇ ಶುಕ್ರವಾರ ಅಮ್ಮನೇ ಹೊರಡಿಸಿದಳು. ಆವತ್ತು ಬಿಡುವಿನಲ್ಲಿ ನಾವು ಇಸ್ತ್ರಿ ಮೇಜಿನ ಅಜ್ಜನ ಹತ್ತಿರ ಹೋದೆವು. ಅಮ್ಮನಿಗೆ ಅದೇನು ವಾದ್ಯ ಅಂತ ನೋಡಲೇಬೇಕಿತ್ತು. ದಾರಿಯಲ್ಲಿ ಫಿಡಲ್ ಹುಡುಗಿ ಸಿಕ್ಕಳು. ಅಮ್ಮ ಅದನ್ನು ತೋರಿಸಿ "ಪಿಟೀಲು" ಅಂದಳು. ಹುಡುಗಿ ಖುಷಿಯಿಂದ "ಯೆಸ್, ಫಿಡಲ್!" ಅಂದಳು. ಇಬ್ಬರೂ ಒಂದೇ ಮಾತಾಡಿದೆವು ಅಂದುಕೊಂಡರು, ನನಗೆ ಅನುವಾದಕ್ಕೆ ಕೆಲಸವೇ ಇರಲಿಲ್ಲ. ಅದು ನಮ್ಮ ವಯಲಿನ್ನೇ, ವಾದ್ಯ ಬೇರೆ ಅಲ್ಲ. ನಮ್ಮವರು ನೆಲದ ಮೇಲೆ ಕೂತು ತಲೆಭಾಗವನ್ನು ಪಾದಕ್ಕೆ ಊರಿಕೊಂಡು ನುಡಿಸುತ್ತಾರೆ, ಇವರು ನಿಂತು ಕುಣಿಯುತ್ತಾ ನುಡಿಸುತ್ತಾರೆ, ಒಟ್ಟೊಟ್ಟಿಗೆ ಎರಡು ತಂತಿ ಎಳೆದು.

ಅಜ್ಜನ ವಾದ್ಯದ ಹೆಸರು ಪೆಡಲ್ ಸ್ಟೀಲ್ ಗಿಟಾರ್. ಕಂಟ್ರಿ ಹಾಡಿನಲ್ಲಿ ಯಾರೋ ಹಿಂದೆ ನಿಂತು ನಿಟ್ಟುಸಿರು ಬಿಟ್ಟ ಹಾಗೆ ಒಂದು ದನಿ ಬರುತ್ತಲ್ಲ, ಅದು ಇದೇ. ಹತ್ತು ತಂತಿ. ಎಡಗೈಯಲ್ಲಿ ನಯವಾದ ಉಕ್ಕಿನ ಗುಂಡು ಸಲಾಕೆ, ಅದನ್ನು ತಂತಿಯ ಮೇಲೆ ಜಾರಿಸುವುದು. ಬಲಗೈ ಬೆರಳಿಗೆ ಉಗುರಿನಂಥ ಪಿಕ್ ಹಾಕಿಕೊಂಡು ಮೀಟುವುದು. ಇಷ್ಟೇ ಆಗಿದ್ದರೆ ನಮ್ಮ ಚಿತ್ರವೀಣೆಯ ದೂರದ ನೆಂಟ ಅನ್ನಬಹುದಿತ್ತು. ಆದರೆ ಕೆಳಗೆ ನೋಡಿದರೆ ಎಡಗಾಲಿಗೆ ಮೂರು ಪೆಡಲು, ಬಲಗಾಲಿಗೆ ಸದ್ದು ಹೆಚ್ಚು ಕಡಿಮೆ ಮಾಡುವ ಇನ್ನೊಂದು ಪೆಡಲು, ಅದು ಸಾಲದು ಅಂತ ಮಂಡಿಯಿಂದ ಆಚೀಚೆ ತಳ್ಳುವ ನಾಲ್ಕು ಸನ್ನೆಗೋಲು. ಒಂದನ್ನು ಒತ್ತಿದರೆ ಹತ್ತರಲ್ಲಿ ಒಂದೋ ಎರಡೋ ತಂತಿಯ ಸ್ವರ ಮಾತ್ರ ಏರುತ್ತೆ ಅಥವಾ ಇಳಿಯುತ್ತೆ, ಉಳಿದವು ಇದ್ದಲ್ಲೇ ಇರುತ್ತವೆ. ಹೊಲಿಗೆ ಮಷಿನ್, ಹಾರ್ಮೋನಿಯಂ, ಟ್ರ್ಯಾಕ್ಟರ್ ಮೂರನ್ನೂ ಒಟ್ಟಿಗೆ ಓಡಿಸಿದ ಹಾಗೆ. ಅಮ್ಮ ಬಗ್ಗಿ ನೋಡಿ, "ಗಮಕ ಇಲ್ಲ, ಆದ್ರೆ ಜಾರು ಚೆನ್ನಾಗಿದೆ" ಅಂತ ತೀರ್ಪು ಕೊಟ್ಟಳು. ಅಜ್ಜನಿಗೆ ಅದನ್ನು ಹೇಗೆ ಹೇಳುವುದು? ನಿಮ್ಮ ಜಾರುವಿಕೆ ಚೆನ್ನಾಗಿದೆ ಅಂತಾಳೆ ನಮ್ಮಮ್ಮ, ಅಂದೆ. ಜೋರಾಗಿ ನಕ್ಕರು. "ನನ್ನ ಬಲಗಡೆಯ ಮಂಡಿ ಕೂಡ ಅದನ್ನೇ ಹೇಳುತ್ತೆ" ಅಂದರು. ಮಂಡಿ ಸವೆದಿತ್ತಂತೆ. ಚಳಿಗಾಲದಲ್ಲಿ ಆಪರೇಷನ್ನು. ಆ ಸನ್ನೆಗೋಲು ತಳ್ಳಿದಾಗಲೆಲ್ಲ ಜೀವ ಹೋಗುತ್ತಂತೆ.

ಮಂಡಿನೋವು ಅಂದ ಕೂಡಲೇ ಅಮ್ಮನಿಗೆ ಅನುವಾದ ಬೇಡವಾಯಿತು. ಇಬ್ಬರೂ ತಮ್ಮ ತಮ್ಮ ಮಂಡಿ ಮುಟ್ಟಿ ತೋರಿಸಿಕೊಂಡು ಐದು ನಿಮಿಷ ಮಾತಾಡಿದರು.

ಕುಡುಕನ ಹಾಡಿನ ಬಗ್ಗೆ ನಾನು ಕೇಳಿಯೇ ಬಿಟ್ಟೆ. ಅಜ್ಜ ಹೇಳಿದ್ದು ನನಗೆ ಇನ್ನೂ ನೆನಪಿದೆ. ಅವರ ಬ್ಯಾಂಡಿನಲ್ಲಿ ಕುಡುಕನ ಹಾಡು ಹಾಡುತ್ತಾರೆ, ಆದರೆ ಕುಡಿದದ್ದಕ್ಕೆ ಅಳುವವನ ಹಾಡು ಮಾತ್ರ. ಬನ್ನಿ ಕುಡಿಯೋಣ ಅಂತ ಕರೆಯುವುದನ್ನು ಹಾಡುವುದಿಲ್ಲ. ಹೆಂಡತಿಗೆ ಮೋಸ ಮಾಡಿದವನ ಹಾಡೂ ಹಾಗೇ, ಅವನು ಹಾಡಿನ ಕೊನೆಗೆ ಸುಖವಾಗಿದ್ದರೆ ಆ ಹಾಡು ಇವರ ಪಟ್ಟಿಯಲ್ಲಿಲ್ಲ. ಅಳುವ ಹಾಡು ಎರಡು ಬೆನ್ನುಬೆನ್ನಿಗೆ ಬಂದರೆ ಮೂರನೆಯದು ರೈಲಿನ ಹಾಡೇ ಆಗಬೇಕು, ಇಲ್ಲದಿದ್ದರೆ ಮಕ್ಕಳು ಜಗಳ ಶುರು ಮಾಡುತ್ತಾರೆ. ರೈಲಿನ ಹಾಡು ಅಂದರೆ ಡ್ರಮ್ಮಿನವನು ಬ್ರಷ್ಷಿನಲ್ಲಿ ಚುಕುಬುಕು ಅಂತ ಹೊಡೆಯುವ ಓಟದ ತಾಳ. ಎಂಟೂವರೆಗೆ ಮುಗಿಸುವುದು, ಯಾಕಂದರೆ ಮಕ್ಕಳಿಗೆ ನಿದ್ದೆ, ಅಜ್ಜಂದಿರಿಗೆ ರಾತ್ರಿ ಡ್ರೈವಿಂಗ್ ಕಷ್ಟ. ಕೊನೆಯದಕ್ಕೂ ಮೊದಲು ಒಂದು ದೇವರ ಹಾಡು. ಪಾರ್ಕು, ಚರ್ಚಿನ ಊಟ, ವೃದ್ಧಾಶ್ರಮ, ಕೌಂಟಿಯ ಜಾತ್ರೆ, ಯಾರದೋ ಐವತ್ತನೇ ಮದುವೆ ವಾರ್ಷಿಕೋತ್ಸವ, ಇವೇ ಇವರ ಕಛೇರಿಗಳು. ಬಾರ್‌ಗಳಿಗೆ ಹೋಗುವುದು ಬಿಟ್ಟು ಎಷ್ಟೋ ವರ್ಷವಾಯಿತಂತೆ. ದುಡ್ಡು ಅಲ್ಲೇ ಜಾಸ್ತಿ, ಆದರೆ ಅಲ್ಲಿ ಯಾರೂ ವಾಲ್ಟ್ಸ್ ಕೇಳುವುದಿಲ್ಲ ಅಂದರು.

ನನಗೆ ಆಗ ಹೊಳೆಯಿತು. ಇವರ ಲೆಕ್ಕದಲ್ಲಿ ಮನೆಮಂದಿಯ ಹಾಡು ಅಂದರೆ ದುಃಖ ತೆಗೆದ ಹಾಡಲ್ಲ. ರೇಡಿಯೋದ ಟ್ರಕ್ಕು ಬಿಯರಿನ ಹಾಡಿನಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಅಳುವುದಿಲ್ಲ, ಎಲ್ಲರಿಗೂ ಯಾವಾಗಲೂ ಶನಿವಾರ. ಆದರೂ ಅದನ್ನು ಅಮ್ಮನ ಪಕ್ಕ ಕೂತು ಕೇಳಲು ನನಗೆ ಮುಜುಗರ. ಇಲ್ಲಿ ಜೈಲು, ಸಾವು, ಸಾರಾಯಿ ಎಲ್ಲ ಇದೆ, ಮುಜುಗರ ಇಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಗಿಟಾರಿನ ಹೆಂಗಸಿನ ಮುಂದೆ ಸ್ಟ್ಯಾಂಡಿನಲ್ಲಿ ಒಂದು ಹಾಳೆ ಇತ್ತು. ಅದರಲ್ಲಿ ಸಿ, ಜಿ, ಡಿ ಅಂತ ಒಟ್ಟಿಗೆ ಮೀಟುವ ಸ್ವರಗುಂಪುಗಳ (ಕಾರ್ಡ್) ಹೆಸರಿಲ್ಲ, ಬರೀ ಅಂಕಿ: 1 1 4 1, 1 1 5 5. ಟೆನೆಸ್ಸಿಯ ರಾಜಧಾನಿಯ ಹೆಸರಲ್ಲಿ ಇದಕ್ಕೆ ನ್ಯಾಶ್ವಿಲ್ ನಂಬರ್ ಪದ್ಧತಿ ಅಂತಾರಂತೆ. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಅನ್ನೋ ಹಾಡುಗಾರರ ಗುಂಪಿನ ನೀಲ್ ಮ್ಯಾಥ್ಯೂಸ್ ಇದನ್ನು ಶುರು ಮಾಡಿದರು, ಅಲ್ಲಿನ ಸ್ಟುಡಿಯೋಗಳಲ್ಲಿ ವಾದ್ಯದವರೆಲ್ಲ ಹಿಡಿದುಕೊಂಡರು. ಹಾಡುವವರ ಗಂಟಲಿಗೆ ತಕ್ಕ ಹಾಗೆ ಶ್ರುತಿ ಏರಿಸಿ ಇಳಿಸಿದರೂ ಹಾಳೆ ತಿದ್ದಬೇಕಾಗಿಲ್ಲ, ಒಂದು ಯಾವುದು ಅಂತ ಹೇಳಿದರೆ ಸಾಕು, ನಾಲ್ಕು ಐದು ತಾವೇ ಬರುತ್ತವೆ. ಅಮ್ಮನಿಗೆ ಹೇಳಿದರೆ ಅವಳು ಆಶ್ಚರ್ಯಪಡಲೇ ಇಲ್ಲ. "ಸ, ಮ, ಪ. ಅದಕ್ಕೇನು ಹೊಸ ಹೆಸರು?" ಸರಿಯೇ. ಒಂದನೇ ಸ್ವರ ಸ, ನಾಲ್ಕನೆಯದು ಮ, ಐದನೆಯದು ಪ. ಹಳೇ ಕಂಟ್ರಿ ಹಾಡುಗಳಲ್ಲಿ ಬಹುಪಾಲು ಈ ಮೂರೇ ಮನೆಯಲ್ಲಿ ಓಡಾಡಿಕೊಂಡಿರುತ್ತವೆ. ಅದಕ್ಕೇ ಹಾಡು ಗೊತ್ತಿಲ್ಲದವರೂ ಎರಡನೇ ಚರಣಕ್ಕೆ ಸೇರಿಕೊಂಡುಬಿಡಬಹುದು.

ಅಜ್ಜನೇ ನಮ್ಮನ್ನು ಬ್ರಿಸ್ಟಲ್‌ಗೆ ಅಟ್ಟಿದ್ದು. ಕಂಟ್ರಿ ಹುಟ್ಟಿದ ಊರು, ಹತ್ತಿರದಲ್ಲೇ ಇದ್ದೂ ನೋಡಿಲ್ಲವಾ ಅಂತ ಬೈದರು. ಬ್ರಿಸ್ಟಲ್ ತಮಾಷೆಯ ಊರು. ಊರ ನಡುವಿನ ಸ್ಟೇಟ್ ಸ್ಟ್ರೀಟಿನ ಒಂದು ಬದಿ ಟೆನೆಸ್ಸಿ, ಇನ್ನೊಂದು ಬದಿ ವರ್ಜೀನಿಯಾ. ರಸ್ತೆಯ ಮಧ್ಯೆ ಗಡಿಗೆ ಹಿತ್ತಾಳೆಯ ಬಿಲ್ಲೆಗಳನ್ನು ಕೂರಿಸಿದ್ದಾರೆ. ಅಮ್ಮ ಒಂದು ಕಾಲು ಆಚೆ ಒಂದು ಕಾಲು ಈಚೆ ಇಟ್ಟು ಫೋಟೋ ತೆಗೆಸಿಕೊಂಡು ಭಜನೆ ಮಂಡಳಿಯ ಗ್ರೂಪಿಗೆ ಕಳಿಸಿದಳು.

ಈ ಬೀದಿಯಲ್ಲಿ ಟೋಪಿ ಕಂಪನಿಯೊಂದರ ಕಟ್ಟಡ ಇತ್ತು. 1927ರ ಜುಲೈ ಕೊನೆಯಲ್ಲಿ ವಿಕ್ಟರ್ ರೆಕಾರ್ಡ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಅನ್ನುವವನು ಯಂತ್ರಗಳನ್ನು ಹೊತ್ತು ಬಂದು ಅಲ್ಲಿ ಠಿಕಾಣಿ ಹೂಡಿದ. ಬೆಟ್ಟದವರು ಬಂದು ಹಾಡಿ, ದುಡ್ಡು ಕೊಡ್ತೀನಿ ಅಂದ. ಆಗಸ್ಟ್ 1ಕ್ಕೆ ವರ್ಜೀನಿಯಾದ ಕಡೆಯಿಂದ ಕಾರ್ಟರ್ ಸಂಸಾರ ಬಂತು. ಎ.ಪಿ. ಕಾರ್ಟರ್, ಅವನ ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಮೇಬೆಲ್‌ಗೆ ಆಗ ಹದಿನೆಂಟು, ತುಂಬಿದ ಬಸುರಿ. ಬೆಟ್ಟದ ಕಚ್ಚಾ ರಸ್ತೆಯಲ್ಲಿ ಆ ಕಾಲದ ಕಾರಿನಲ್ಲಿ. ಅಮ್ಮ ಇದನ್ನು ಕೇಳಿ "ಅತ್ತೆಮನೆಯವರಿಗೆ ಬುದ್ಧಿ ಬೇಡ್ವಾ" ಅಂದಳು. ಆ ಬಸುರಿ ಹುಡುಗಿ ಹೆಬ್ಬೆರಳಿನಲ್ಲಿ ದಪ್ಪ ತಂತಿಗಳ ಮೇಲೆ ಹಾಡಿನ ಧಾಟಿ ನುಡಿಸುತ್ತಾ, ಉಳಿದ ಬೆರಳಲ್ಲಿ ತಾಳ ಸವರುತ್ತಿದ್ದಳು. ಆಮೇಲೆ ಗಿಟಾರ್ ಹಿಡಿದವರೆಲ್ಲ ಅದನ್ನು ಕಲಿತರು. ಪಾರ್ಕಿನ ಹೆಂಗಸು ನುಡಿಸುವುದೂ ಅದೇ. ಮೂರು ದಿನ ಬಿಟ್ಟು, 4ನೇ ತಾರೀಕು, ಜಿಮ್ಮಿ ರಾಜರ್ಸ್ ಬಂದ. ರೈಲ್ವೆಯಲ್ಲಿ ದುಡಿದವನು, ಕ್ಷಯ ಹಿಡಿದಿದ್ದವನು. ಆರೇ ವರ್ಷ ಹಾಡಿ, 35ನೇ ವಯಸ್ಸಿಗೆ ತೀರಿಕೊಂಡ. ಒಂದು ವಾರದಲ್ಲಿ, ಒಂದು ಟೋಪಿ ಕಟ್ಟಡದಲ್ಲಿ, ಇಷ್ಟು. ಈಗ ಆ ಊರಲ್ಲಿ ಇದಕ್ಕೇ ಅಂತ ಒಂದು ಮ್ಯೂಸಿಯಂ ಇದೆ, 2014ರಲ್ಲಿ ತೆರೆದದ್ದು.

ಮ್ಯೂಸಿಯಂನಿಂದ ಬಂದ ಮೇಲೆ ಲೆಸ್ಲಿ ರಿಡಲ್ ಅನ್ನುವವನ ಬಗ್ಗೆ ಹುಡುಕಿ ಓದಿದೆ. ಕಿಂಗ್ಸ್‌ಪೋರ್ಟ್‌ನಲ್ಲಿದ್ದ ಕಪ್ಪು ಗಿಟಾರ್ ವಾದಕ, ಸಿಮೆಂಟ್ ಕಾರ್ಖಾನೆಯಲ್ಲಿ ಕಾಲು ಕಳೆದುಕೊಂಡವನು. ಎ.ಪಿ. ಕಾರ್ಟರ್ ಹಳ್ಳಿ ಹಳ್ಳಿ ಸುತ್ತಿ ಹಾಡು ಕೂಡಿಸುವಾಗ ಇವನು ಜೊತೆಗಿರುತ್ತಿದ್ದ. ಕಾರ್ಟರ್ ಪದ ಬರೆದುಕೊಳ್ಳುತ್ತಿದ್ದ, ರಿಡಲ್ ಧಾಟಿಯನ್ನು ತಲೆಯಲ್ಲಿಟ್ಟುಕೊಂಡು ಬರುತ್ತಿದ್ದ. ಮೇಬೆಲ್ ಕೂಡ ಅವನಿಂದ ಕಲಿತಿದ್ದಾಳೆ. ಕಂಟ್ರಿ ಅಂದರೆ ಬಿಳಿಯರ ಹಾಡು ಅನ್ನುವ ಮಾತು ಇಲ್ಲೇ ಜಾರಿಬೀಳುತ್ತೆ. ಬ್ಯಾಂಜೋ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯ, ಅಜ್ಜನ ಸ್ಟೀಲಿನ ಮೂಲ ಹವಾಯಿಯದ್ದು, ಫಿಡಲ್ ಯುರೋಪಿನಿಂದ ಹಡಗು ಹತ್ತಿ ಬಂದದ್ದು. ಇಷ್ಟಾದರೂ ಪಾರ್ಕಿನ ಕುರ್ಚಿಗಳಲ್ಲಿ ನಮ್ಮನ್ನೂ ಸೇರಿಸಿ ಬಿಳಿಯರಲ್ಲದವರು ಬೆರಳೆಣಿಕೆ. ಅದೂ ಕಣ್ಣಿಗೆ ಬೀಳುತ್ತೆ, ಸುಳ್ಳು ಹೇಳಲ್ಲ.

ಅಪ್ಪ ಎಲ್‌ಐಸಿ ಏಜೆಂಟ್ ಆಗಿದ್ದರು. ಹಾಗಾಗಿ ಅಮ್ಮನಿಗೆ ಇಷ್ಟವಾದ ಕಥೆ ಬೇರೆಯದೇ. ನ್ಯಾಶ್ವಿಲ್‌ನಲ್ಲಿ ಗ್ರ್ಯಾಂಡ್ ಓಲ್ ಆಪ್ರಿ ಅಂತ ಕಾರ್ಯಕ್ರಮ ಇದೆ, 1925ರ ನವೆಂಬರ್ 28ರಂದು ರೇಡಿಯೋದಲ್ಲಿ ಶುರುವಾದದ್ದು ಈಗಲೂ ನಡೆಯುತ್ತಿದೆ. ಮೊದಲ ದಿನ ನುಡಿಸಿದ್ದು 77 ವರ್ಷದ ಒಬ್ಬ ಫಿಡಲ್ ಅಜ್ಜ. ಆ ರೇಡಿಯೋ ಸ್ಟೇಷನ್ ಆಗ ಯಾರದ್ದಾಗಿತ್ತು ಗೊತ್ತಾ? ಒಂದು ಇನ್ಶೂರೆನ್ಸ್ ಕಂಪನಿಯದು. ಸ್ಟೇಷನ್ನಿನ ಹೆಸರು ಡಬ್ಲ್ಯೂಎಸ್ಎಂ, ಲಕ್ಷಾಂತರ ಜನರಿಗೆ ನಾವು ರಕ್ಷೆ ಅನ್ನೋ ಕಂಪನಿಯ ಘೋಷಣೆಯ ಮೊದಲಕ್ಷರಗಳು. ಶನಿವಾರ ರಾತ್ರಿ ಹಳ್ಳಿಯವರು ಮನೆಮಂದಿಯೆಲ್ಲ ರೇಡಿಯೋ ಸುತ್ತ ಕೂತು ಹಾಡು ಕೇಳೋದು, ವಾರದ ದಿನ ಏಜೆಂಟರು ಬಾಗಿಲಿಗೆ ಬಂದು ನಾವು ಆ ಹಾಡಿನ ಕಂಪನಿಯವರು ಅನ್ನೋದು. "ಎಲ್‌ಐಸಿಯವರು ಹೀಗೆ ಹರಿಕಥೆ ಹಾಕ್ಸಿದ್ರೆ ನಿಮ್ಮಪ್ಪ ಬಿಸಿಲಲ್ಲಿ ಅಷ್ಟು ಅಲೀಬೇಕಾಗಿರಲಿಲ್ಲ" ಅಂತ ಅಮ್ಮ ಎರಡು ದಿನ ಹೇಳುತ್ತಲೇ ಇದ್ದಳು.

ಇನ್ಶೂರೆನ್ಸ್ ಮಾರುವವರಿಗೆ ಮನೆಮಂದಿಯ ಮರ್ಯಾದೆ ಮುಖ್ಯ. ಹ್ಯಾಂಕ್ ವಿಲಿಯಮ್ಸ್‌ನಂಥ ಹಾಡುಗಾರನನ್ನು, ಆಗ ಅವನಿಗಿಂತ ದೊಡ್ಡ ಹೆಸರೇ ಇಲ್ಲದಿದ್ದರೂ, ಕುಡಿದು ಬರುತ್ತಾನೆ, ಹೇಳಿದ ದಿನ ಬರುವುದಿಲ್ಲ ಅಂತ 1952ರಲ್ಲಿ ಆಪ್ರಿಯಿಂದ ತೆಗೆದರು. ಕೆಲವೇ ತಿಂಗಳಿಗೆ, 1953ರ ಹೊಸ ವರ್ಷದ ದಿನ, ನಾಕ್ಸ್‌ವಿಲ್‌ನಿಂದ ಹೊರಟ ಕಾರಿನ ಹಿಂದಿನ ಸೀಟಿನಲ್ಲೇ ಸತ್ತಿದ್ದ. 29 ವರ್ಷ. ಅಜ್ಜ ಇದನ್ನು ಹೇಳುವಾಗ ತೆಗೆದದ್ದು ಸರಿ ಅಂತಲೂ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ. ಆದರೆ ಅವನ ಹಾಡುಗಳು ಇವರ ಪಟ್ಟಿಯಲ್ಲಿವೆ, ಮೊದಲ ಸಾಲಿನ ಅಜ್ಜಿಯರು ಅವಕ್ಕೇ ಕಾಯುತ್ತಿರುತ್ತಾರೆ.

ಅಮ್ಮ ಹೊರಡುವ ಹಿಂದಿನ ಶನಿವಾರ ಹಿಲ್ಟನ್ಸ್‌ಗೆ ಹೋದೆವು. ವರ್ಜೀನಿಯಾದ ಒಂದು ಕಣಿವೆ. ಅಲ್ಲಿ ಎ.ಪಿ. ಕಾರ್ಟರನ ಹಳೇ ಅಂಗಡಿ ಇದೆ, ಪಕ್ಕದಲ್ಲೇ ದೊಡ್ಡ ಕೊಟ್ಟಿಗೆಯಂಥ ಒಂದು ಸಭಾಂಗಣ, ಕಾರ್ಟರ್ ಫ್ಯಾಮಿಲಿ ಫೋಲ್ಡ್. ನಿನ್ನ ಹಾಡು ನಿಲ್ಲದ ಹಾಗೆ ನೋಡಿಕೊಳ್ತೀನಿ ಅಂತ ಸಾಯುವ ಅಪ್ಪನಿಗೆ ಮಾತು ಕೊಟ್ಟಿದ್ದ ಮಗಳು ಜಾನೆಟ್ 1974ರಲ್ಲಿ ಶನಿವಾರದ ಕಛೇರಿ ಶುರು ಮಾಡಿದಳು. ಎರಡು ಕಟ್ಟುನಿಟ್ಟು. ಒಳಗೆ ಹೆಂಡ ಇಲ್ಲ. ಸ್ಟೇಜಿನ ಮೇಲೆ ಕರೆಂಟಿನ ವಾದ್ಯ ಇಲ್ಲ. ಎರಡನೆಯದನ್ನು ಮುರಿಯಲು ಬಿಟ್ಟದ್ದು ಹೆಸರಾಂತ ಕಂಟ್ರಿ ಹಾಡುಗಾರ ಜಾನಿ ಕ್ಯಾಶ್ ಒಬ್ಬನಿಗಂತೆ. ಮೇಬೆಲ್‌ಳ ಮಗಳ ಗಂಡ, ಈ ಸಂಸಾರದ ಅಳಿಯ. ಅಳಿಯನಿಗೆ ರಿಯಾಯಿತಿ ಕೊಡದ ಊರು ಎಲ್ಲಿದೆ? ಅವನು ಜನರ ಮುಂದೆ ಕೊನೆಯ ಸಲ ಹಾಡಿದ್ದೂ ಇಲ್ಲೇ, 2003ರ ಜುಲೈಯಲ್ಲಿ, ಹೆಂಡತಿ ಸತ್ತ ಎರಡು ತಿಂಗಳಿಗೆ.

ಅವತ್ತು ಅಲ್ಲಿ ನಮ್ಮ ಪಾರ್ಕಿನ ಬ್ಯಾಂಡ್ ಇರಲಿಲ್ಲ, ಬೇರೆಯವರಿದ್ದರು. ಅಜ್ಜ ಸುಮ್ನೆ ಕೇಳೋಕೆ ಬಂದಿದ್ದರು. ಅವರ ಸ್ಟೀಲಿಗೆ ಕರೆಂಟು ಬೇಕಲ್ಲ, ಇಲ್ಲಿ ನುಡಿಸುವ ಹಾಗಿಲ್ಲ, ನುಡಿಸುವುದಾದರೆ ಡೋಬ್ರೋ ತರಬೇಕು ಅಂದರು. ಡೋಬ್ರೋ ಅಂದರೆ ಮಡಿಲಲ್ಲಿ ಮಲಗಿಸಿಕೊಂಡು ನುಡಿಸುವ ಗಿಟಾರ್, ಹೊಟ್ಟೆಯಲ್ಲಿ ತಟ್ಟೆಯಂಥ ಅಲ್ಯೂಮಿನಿಯಂ ಹಾಳೆ ಇರುತ್ತೆ, ಅದೇ ಅದರ ಸ್ಪೀಕರು. ಸ್ಲೊವಾಕಿಯಾದಿಂದ ಬಂದ ಡೋಪ್ಯೆರಾ ಅಣ್ಣತಮ್ಮಂದಿರು 1928ರಲ್ಲಿ ಮಾಡಿದ್ದು, ತಮ್ಮ ಹೆಸರನ್ನೇ ಮುರಿದು ಜೋಡಿಸಿ ಇಟ್ಟರು.

ಹಾಡು ಶುರುವಾದ ಮೇಲೆ ಜನ ಒಬ್ಬೊಬ್ಬರಾಗಿ ಸ್ಟೇಜಿನ ಮುಂದೆ ಇಳಿದರು. ಇವರ ಕುಣಿತದಲ್ಲಿ ಸೊಂಟದಿಂದ ಮೇಲೆ ಏನೂ ಆಗುವುದಿಲ್ಲ, ಕೈ ಸುಮ್ಮನೆ ಜೋತಾಡುತ್ತಿರುತ್ತೆ, ಮುಖ ಬ್ಯಾಂಕಿನ ಕ್ಯೂನಲ್ಲಿ ನಿಂತ ಹಾಗಿರುತ್ತೆ. ಎಲ್ಲ ಪಾದದಲ್ಲಿ. ಶೂ ಅಡಿಗೆ ಲೋಹದ ತುಂಡು ಬಡಿಸಿಕೊಂಡಿರುತ್ತಾರೆ, ಬ್ಯಾಂಡಿನ ತಾಳಕ್ಕೆ ಸರಿಯಾಗಿ ಟಕಟಕ ಅಂತ ನೆಲವೇ ಒಂದು ವಾದ್ಯ. ಎಂಬತ್ತು ದಾಟಿದ ಒಬ್ಬಳು ಅಜ್ಜಿ, ಅವಳ ಪಕ್ಕ ನಾಲ್ಕು ವರ್ಷದ ಒಂದು ಹುಡುಗಿ, ಇಬ್ಬರದೂ ಒಂದೇ ಹೆಜ್ಜೆ. ಅಮ್ಮ ಆ ಹೊತ್ತಿಗೆ ಅನುವಾದ ಕೇಳುವುದನ್ನು ನಿಲ್ಲಿಸಿದ್ದಳು. ತೊಡೆಯ ಮೇಲೆ ಬೆರಳು ಮಡಚುತ್ತಾ ಲೆಕ್ಕ ಹಾಕುತ್ತಿದ್ದಳು. ಹಾಡು ಮುಗಿದಾಗ ಹೇಳಿದಳು, "ಮೂರನೇ ಸಾಲಿನಲ್ಲಿ ಆ ಅಜ್ಜಿ ಅರ್ಧ ಮಾತ್ರೆ ಬಿಟ್ಟು ಎತ್ಕೊಂಡಳು ನೋಡಿದ್ಯಾ? ಬೇಕಂತಲೇ." ನಾನು ನೋಡಿರಲಿಲ್ಲ. ಪಕ್ಕದಲ್ಲಿದ್ದ ಅಜ್ಜನಿಗೆ ಹೇಳಿದೆ. ಹೌದು, ಆಕೆ ಯಾವಾಗಲೂ ಹಾಗೇ ಅಂದರು.

ಅಮ್ಮ ಊರಿಗೆ ಹೋಗಿ ಈಗ ಏಳು ತಿಂಗಳು. ಪ್ರತಿ ವಿಡಿಯೋ ಕಾಲ್‌ನಲ್ಲೂ ಮೊಮ್ಮಗನ ಊಟ, ನನ್ನ ತೂಕ, ಆಮೇಲೆ ಮೂರನೇ ಪ್ರಶ್ನೆ "ಆ ಮಂಡಿನೋವಿನವರು ಹೇಗಿದ್ದಾರೆ?" ನನಗೆ ಗೊತ್ತಿರಲಿಲ್ಲ, ಚಳಿಗಾಲದಲ್ಲಿ ಪಾರ್ಕಿನ ಹಾಡು ಇರುವುದಿಲ್ಲ. ಹೋದ ಶುಕ್ರವಾರ ಮತ್ತೆ ಶುರುವಾಯಿತು. ಹೋದೆವು. ಅಜ್ಜ ಇದ್ದರು. ಇಸ್ತ್ರಿ ಮೇಜು ಇರಲಿಲ್ಲ, ಕಾಲು ಮುಂದಕ್ಕೆ ಚಾಚಿಕೊಂಡು ತೊಡೆಯ ಮೇಲೆ ಡೋಬ್ರೋ ಇಟ್ಟುಕೊಂಡಿದ್ದರು. ಆಪರೇಷನ್ ಆಗಿದೆ, ಸನ್ನೆಗೋಲು ತಳ್ಳಲು ಇನ್ನೂ ಮೂರು ತಿಂಗಳು ಬೇಕು, ಅಲ್ಲಿವರೆಗೆ ಇದು, ಅಂದರು. ಡೋಬ್ರೋದಲ್ಲಿ ನಿಟ್ಟುಸಿರು ಅಷ್ಟು ಉದ್ದ ಬರುವುದಿಲ್ಲ, ತಂತಿ ಬೇಗ ಸುಮ್ಮನಾಗಿಬಿಡುತ್ತೆ. ಹಾಡಿನ ಹೆಂಗಸು ಆ ಖಾಲಿ ಜಾಗ ತುಂಬಲು ಸಾಲಿನ ಕೊನೆಯನ್ನು ಸ್ವಲ್ಪ ಎಳೆದು ಹಾಡುತ್ತಿದ್ದಳು. ನಾನು ಒಂದು ನಿಮಿಷದ ವಿಡಿಯೋ ತೆಗೆದು ಅಮ್ಮನಿಗೆ ಕಳಿಸಿದೆ.

ಬೆಳಗಾಗುವಷ್ಟರಲ್ಲಿ ಉತ್ತರ ಬಂದಿತ್ತು, ವಾಯ್ಸ್ ಮೆಸೇಜು. "ಕುರ್ಚಿ ತೀರಾ ಕೆಳಗಿದೆ ಕಣೇ, ಎದ್ದೇಳುವಾಗ ಮಂಡಿ ಮೇಲೆ ಭಾರ ಬೀಳುತ್ತೆ. ಒಂದು ದಿಂಬು ಹಾಕ್ಕೊಳ್ಳೋಕೆ ಹೇಳು ಅವರಿಗೆ."